ಒಂಬತ್ತು ವರ್ಷದ ತಾಯಿ ಕಾಣೆಯಾದ ಬಾಬ್ತು

ಹೆಸರು ಸಂಘಮಿತ್ರ, ತಂದೆ ದಿವಂಗತ ಸಿದ್ದಪ್ಪಾಜಿ, ವಯಸ್ಸು 37 ವರ್ಷ, ಕಸುಬು ಮನೆಯಲ್ಲೇ ಬಟ್ಟೆ ವಿನ್ಯಾಸ ಮಾಡಿ ಗಿಡ, ಬೇರು, ಹೂವಿನ ಬಣ್ಣ ಹಾಕುವುದು, ವಾಸ ಮನೆ ನಂ. 614/ಎ, 5ನೇ ಅಡ್ಡರಸ್ತೆ, ಸಿದ್ಧಾರ್ಥನಗರ, ಮೈಸೂರು. ಈ ದಿನ ದಿನಾಂಕ 19-10-2025 ಭಾನುವಾರ ಸಂಜೆ 4-10 ಗಂಟೆಗೆ ಯಾರೂ ಎಳೆದು ತಾರದೆ ನಾನಾಗಿಯೇ ಠಾಣೆಗೆ ಬಂದು, ಮಹಿಳಾ ಹೆಡ್ ಕಾನ್ಸ್‌ಟೇಬಲ್ ಅನುಪಮಾ ಅವರ ಎದುರು ಕುಳಿತು ತಿಳಿಯಪಡಿಸುವುದೂ, ಕೆಲವು ಕಡೆ ದನಿ ಏರಿಸಿ ಸ್ಪಷ್ಟಪಡಿಸುವುದೂ ಏನೆಂದರೆ:

ನಾನು ಸುಳ್ಳು ಕರೆ ಮಾಡಿಲ್ಲ. ತುರ್ತು ಸಹಾಯ ಸಂಖ್ಯೆಯವರು ಕೇಳಿದ ಪ್ರತಿ ಪ್ರಶ್ನೆಗೂ ನಿಜವನ್ನೇ ಹೇಳಿರುತ್ತೇನೆ. ನಿಜ ಹೇಳಿದ್ದರಿಂದಲೇ ಇಷ್ಟೆಲ್ಲ ಆಗಿರುತ್ತದೆ. ಇದನ್ನು ಮೊದಲೇ ಬರೆದುಕೊಳ್ಳಬೇಕೆಂದು ಹೇಳಿದ್ದರಿಂದ ಮೊದಲೇ ಬರೆದುಕೊಂಡಿರುತ್ತಾರೆ.

ನನ್ನ ಕೆಲಸಕ್ಕೆ ಬೇರೆ ಜಾಗ ಇಲ್ಲ, ವಾಸದ ಮನೆಯೇ ಕೆಲಸದ ಮನೆ. 12 ಅಡಿಗೆ 14 ಅಡಿ ಹಾಲಿನಲ್ಲಿ ಹಳೇ ಬಾಗಿಲೊಂದನ್ನು ಎರಡು ಹೊಲಿಗೆ ಯಂತ್ರದ ಕಾಲುಗಳ ಮೇಲೆ ಮಲಗಿಸಿ ಬಟ್ಟೆ ಕತ್ತರಿಸುತ್ತೇನೆ. ಅಡುಗೆಮನೆಯ ಎರಡನೇ ಒಲೆ ಬಣ್ಣಕ್ಕೆ ಮೀಸಲು. ಮಹಡಿಯ ಮೇಲೆ 22 ಅಡಿ ಉದ್ದದ ಆರು ತಂತಿ ಕಟ್ಟಿದೆ. ಆಯುಧಪೂಜೆಯಾದ ಮರುದಿನ ಗ್ಯಾರೇಜುಗಳನ್ನು ಸುತ್ತಿ ಬಾಡಿದ ಚೆಂಡುಹೂ 38 ಕೆ.ಜಿ. ಬೇಡಿ ತಂದು ಅದೇ ಮಹಡಿಯಲ್ಲಿ ಒಣಹಾಕಿದ್ದೇನೆ. ಹೋಟೆಲಿನಿಂದ ಈರುಳ್ಳಿ ಸಿಪ್ಪೆ ಬರುತ್ತದೆ. ಬಣ್ಣದ ನೀರು ಮೂರು ಸಲ ಬಳಕೆಯಾಗಿ ಬಾಳೆಗಿಡಕ್ಕೆ ಹೋಗುತ್ತದೆ. ಒಂದು ಚಿಂದಿಯೂ ಗೇಟು ದಾಟುವುದಿಲ್ಲ. ಈ ಮನೇಲಿ ಬಣ್ಣ ಹಾಕದೆ ಬುಟ್ಟಿರೋದು ಉಪ್ಪೊಂದ್ನೇ ಎಂದು ಅವ್ವ ಬಂದವರಿಗೆಲ್ಲ ಹೇಳುತ್ತಿರುತ್ತಾರೆ.

ಗೊಂದಲ ಬೇಡವೆಂದು ಇಲ್ಲೇ ಒಂದು ಮಾತು. ನನ್ನನ್ನು ಹೆತ್ತ ಬಸವಮ್ಮ, ವಯಸ್ಸು 64 ವರ್ಷ, ಇವರನ್ನು ಈ ಹೇಳಿಕೆಯ ಉದ್ದಕ್ಕೂ ಅವ್ವ ಎನ್ನುತ್ತೇನೆ. ಹಂಡೆಯಲ್ಲಿ ಇದ್ದದ್ದನ್ನು ತಾಯಿ ಎನ್ನುತ್ತೇನೆ. ನೀಲಿ ಗಿಡದ ಪುಡಿಯನ್ನು ಬರೀ ನೀರಿಗೆ ಕಲಸಿದರೆ ಬಟ್ಟೆಗೆ ಹಿಡಿಯುವುದಿಲ್ಲ. ಅದಕ್ಕೆ ಸುಣ್ಣ, ಬೆಲ್ಲ, ಗೋಧಿ ತೌಡು ಹಾಕಿ, ದೋಸೆ ಹಿಟ್ಟಿನ ಹಾಗೆ ಹುದುಗು ಬರಿಸಬೇಕು. ಹುದುಗು ಬಂದ ನೀರಿನಲ್ಲಿ ಬಟ್ಟೆ ಅದ್ದಿ ತೆಗೆದರೆ ಮೊದಲು ಹಸಿರಾಗಿ ಬಂದು, ಗಾಳಿ ತಾಗುತ್ತಲೇ ಕಣ್ಣೆದುರಿಗೇ ನೀಲಿಯಾಗುತ್ತದೆ. ಆ ನೀರನ್ನು ಚೆಲ್ಲುವುದಿಲ್ಲ. ಹೊತ್ತು ಹೊತ್ತಿಗೆ ತೌಡು ಉಣ್ಣಿಸಿ, ಬೆಚ್ಚಗಿಟ್ಟು, ವರ್ಷಗಟ್ಟಲೆ ಸಾಕುತ್ತೇವೆ. ನಮ್ಮ ಕಸುಬಿನಲ್ಲಿ ಅದಕ್ಕೆ ತಾಯಿ ಎಂದೇ ಹೆಸರು. ನಾನು ಇಟ್ಟದ್ದಲ್ಲ.

ನಮ್ಮ ತಾಯಿಯನ್ನು 2016ನೇ ಇಸವಿ ಅಕ್ಟೋಬರಿನಲ್ಲಿ ಶುರುಮಾಡಿದವರು ನಮ್ಮಪ್ಪ ಸಿದ್ದಪ್ಪಾಜಿ ಮತ್ತು ನಾನು. ಅಪ್ಪ ಮೇಟಗಳ್ಳಿಯ ಕಾರ್ಖಾನೆಯೊಂದರಲ್ಲಿ 31 ವರ್ಷ ಬಾಯ್ಲರ್ ನೋಡಿಕೊಂಡವರು, ಬೆಂಕಿಯ ಹದ ಅವರಿಗೆ ಕೈಯಲ್ಲೇ ಇತ್ತು. ಬಚ್ಚಲುಮನೆಯಲ್ಲಿ ಹೊಟ್ಟಿನ ಒಲೆ ಕಟ್ಟಿ, ಅದರ ಮೇಲೆ ತಾಮ್ರದ ಹಂಡೆ ಕೂರಿಸಿ, ದಿನಾ ಬೆಳಿಗ್ಗೆ 6 ಗಂಟೆಗೆ ಬಿದಿರು ಕೋಲಿನಿಂದ ಹನ್ನೆರಡು ಸುತ್ತು ಕಲಕುತ್ತಿದ್ದರು. 2021ರ ಜೂನಿನಲ್ಲಿ ತೀರಿಕೊಂಡರು. ಆಮೇಲೆ ನಾನು ಕಲಕುತ್ತಿದ್ದೇನೆ. ನೀರು ಕಮ್ಮಿಯಾದಾಗ ಸೇರಿಸಿದ್ದೇನೆಯೇ ಹೊರತು ಹಂಡೆಯನ್ನು ಒಮ್ಮೆಯೂ ಬರಿದು ಮಾಡಿಲ್ಲ. ಅಂದರೆ ಅದು ಅಪ್ಪ ಕಲಕಿದ ನೀರು. ಇದನ್ನು ಹಾಗೆಯೇ ಬರೆದುಕೊಳ್ಳಬೇಕೆಂದು ಕೋರಿರುತ್ತೇನೆ.

ಹಂಡೆ ಮಾತ್ರ ನಮ್ಮದಲ್ಲ. ಅದು ಪಕ್ಕದ ಮನೆಯ ನಾಗಮಣಿಯವರದು. ಅವರ ಯಜಮಾನರು ಬಿಂದುಮಾಧವ, ಜಯಲಕ್ಷ್ಮಿಪುರಂನ ಕಾಲೇಜೊಂದರಲ್ಲಿ ಸಂಸ್ಕೃತ ಪಾಠ ಹೇಳಿ ನಿವೃತ್ತರಾದವರು. 2016ರಲ್ಲಿ ಅವರು ಸೋಲಾರ್ ಹಾಕಿಸಿದಾಗ ನಾಗಮಣಿಯವರು ಹಂಡೆ ತೋರಿಸಿ, ಇಟ್ಕೊಳ್ಳಿ ಎಂದಿದ್ದರು. ನಾನು ಇಟ್ಟುಕೊಂಡೆ.

ಬಿಂದುಮಾಧವರಿಗೂ ನನಗೂ ಇದೇ ವರ್ಷ ಆಗಸ್ಟ್ 4ರಂದು ಮಾತಿಗೆ ಮಾತು ಬೆಳೆದದ್ದು ನಿಜ. ನಿಮ್ಮ ಬಣ್ಣದ ವಾಸನೆ ನನ್ನ ಓದುವ ಕೋಣೆಗೆ ಬರುತ್ತಿದೆ ಎಂದು ಅವರು ಬಂದರು. ಬಚ್ಚಲು ನಮ್ಮ ಮನೆಯ ಆ ಪಕ್ಕಕ್ಕಿದೆ, ನಿಮ್ಮ ಕೋಣೆ ಈ ಪಕ್ಕಕ್ಕಿದೆ, ವಾಸನೆ ಬಸ್ ಹತ್ತಿ ಬರುತ್ತದೆಯೇ ಎಂದು ನಾನು ಕೇಳಿದೆ. ಅವರು ಟೇಪು ತಂದು ಅಳೆದು, ವಾಸನೆ ಬರುತ್ತಿರುವುದು ನಿಮ್ಮ ತಾಯಿಯವರ ಕೋಣೆಯ ಕಿಟಕಿಯಿಂದ, ಅಂತರ ಏಳು ಅಡಿ ಎಂದರು. ಆ ಕೋಣೆಯಲ್ಲಿ ಅವ್ವನ ಮಂಚ ಬಿಟ್ಟರೆ ಏನೂ ಇಲ್ಲ. ಇವರಿಗೆ ವಯಸ್ಸಾಯಿತು ಎಂದುಕೊಂಡು ಬಾಗಿಲು ಹಾಕಿಕೊಂಡೆ.

ಈ ದಿನದ ವಿಚಾರ. ಇವತ್ತು ನೀರು ತುಂಬುವ ಹಬ್ಬ. ನಾವು ಬುದ್ಧ ವಿಹಾರಕ್ಕೆ ಹೋಗುವ ಮನೆಯವರು, ದೀಪಾವಳಿಯ ಪೂಜೆ ಗೀಜೆ ನಮ್ಮಲ್ಲಿಲ್ಲ. ಆದರೆ ಹಬ್ಬದ ಹಿಂದಿನ ದಿನ ಪಾತ್ರೆಗಳನ್ನೆಲ್ಲ ಬೆಳಗಿ ಹೊಸ ನೀರು ತುಂಬಿಡುವುದನ್ನು ಅವ್ವ ಬಿಟ್ಟಿಲ್ಲ. ಬೆಳಿಗ್ಗೆ 6-00 ಗಂಟೆಗೆ ತಾಯಿಯನ್ನು ಕಲಕಿ, ಬಿಸಿ ನೋಡಿದೆ, 34 ಡಿಗ್ರಿ ಇತ್ತು. ಮೇಲೆ ನೀಲಿ ನೊರೆ ಹೂವಿನ ಹಾಗೆ ಎದ್ದಿತ್ತು. ಬಹಳ ದಿನಗಳ ನಂತರ ಅಷ್ಟು ಚೆನ್ನಾಗಿ ಎದ್ದದ್ದು ನೋಡಿ ನನಗೆ ಖುಷಿಯಾಯಿತು. ಹಂಡೆಯ ಬಾಯಿಗೆ ಬಟ್ಟೆ ಕಟ್ಟಿ, ಮರದ ಮುಚ್ಚಳ ಹಾಕಿ, ಕರಿ ಕಂಬಳಿ ಸುತ್ತಿದೆ. 8-40ಕ್ಕೆ ತಾಯಿಗೇ ಸುಣ್ಣ, ತೌಡು ತರಲು ಸ್ಕೂಟರಿನಲ್ಲಿ ದೇವರಾಜ ಮಾರುಕಟ್ಟೆಗೆ ಹೋದೆ.

ವಾಪಸು ಬಂದದ್ದು 10-26ಕ್ಕೆ. ಬಚ್ಚಲಿಗೆ ಹೋದದ್ದು 10-29ಕ್ಕೆ. ಒಲೆಯ ಮೇಲೆ ಹಂಡೆ ಇರಲಿಲ್ಲ. ಒಲೆಯಲ್ಲಿ ಹೊಟ್ಟು ಇನ್ನೂ ಕೆಂಪಗಿತ್ತು. ಹಂಡೆ ಕೂತಿದ್ದ ಕಡೆ ದುಂಡನೆಯ ಕರಿ ಗುರುತು ಮಾತ್ರ ಇತ್ತು.

ಅವ್ವ ಮಹಡಿಯ ಮೇಲೆ ಚೆಂಡುಹೂ ತಿರುವಿಹಾಕುತ್ತಿದ್ದರು. ಕೂಗಿದೆ. ಒಂಬತ್ತೂಕಾಲಿಗೆ ಯಾರೋ ಆಟೋದವರು ಬಂದು ಹಂಡೆ ತಗೊಂಡ್ ಹೋಗ್ತೀವಿ ಅಂತ ಕೆಳಗಿಂದ ಕೂಗಿದ್ರು, ನೀನೇ ಹೇಳಿದೀಯ ಅನ್ಕೊಂಡು ಹೂಂ ಅಂದ್‌ಬುಟ್ಟೆ ಎಂದರು. ನಾನು ಅವ್ವನಿಗೆ ಏನಂದೆ ಎಂಬುದನ್ನು ಪೂರ್ತಿ ಬರೆಸಲು ನಾಚಿಕೆಯಾಗುತ್ತದೆ. ನಿಂಗೇನ್ ಗೊತ್ತು, ಅಪ್ಪನ್ನೇ ಎತ್ತಿ ಕೊಟ್ಟಂಗಾಯ್ತು ಎಂದೆ ಎಂಬಷ್ಟು ಬರೆದುಕೊಂಡರೆ ಸಾಕು. ಸಮಯ 10-31. ಅವ್ವ, ಒಂದ್ ಮಾತು ಕೇಳವ್ವ ಎಂದರು. ನಾನು ಕೇಳಲಿಲ್ಲ.

ಗೇಟಿನ ಹೊರಗೆ ನೋಡಿದೆ. ರಸ್ತೆಯ ಮೇಲೆ ನೀಲಿ ಹನಿಗಳಿದ್ದವು, ಎಣಿಸಿದೆ, 14. ಅವು ಸಾಲಾಗಿ ಬಿಂದುಮಾಧವರ ಗೇಟಿನವರೆಗೆ, ಅಂದರೆ 22 ಅಡಿ, ಹೋಗಿ ನಿಂತಿದ್ದವು. ಅಲ್ಲಿ ಅಂಗೈಯಗಲದ ಒಂದು ಕಲೆ. ಅಷ್ಟು ಸಾಕಾಯಿತು ನನಗೆ. ವಾಸನೆಯ ಜಗಳ, ಹನಿಗಳ ಸಾಲು, ಇನ್ನೇನು ಬೇಕು. ತಾಯಿಯ ಬಿಸಿ ಆರಿದರೆ ಹುದುಗು ಸೊರಗುತ್ತದೆ. ಸಂಜೆ ನೀರು ತುಂಬುವ ಹೊತ್ತಿಗೆ ಯಾವ ಮನೆಯಲ್ಲಾದರೂ ಹಂಡೆಯನ್ನು ಬರಿದು ಮಾಡಿ ಹುಣಸೆಹಣ್ಣು ಹಾಕಿ ತಿಕ್ಕುವುದು ಖಂಡಿತ. ಹಬ್ಬವೇ ಅದು.

10-34ಕ್ಕೆ ತುರ್ತು ಸಂಖ್ಯೆಗೆ ಫೋನ್ ಮಾಡಿ, ನಮ್ಮ ತಾಯಿನ ಯಾರೋ ಎತ್ಕೊಂಡು ಹೋಗ್‌ಬುಟ್ಟಿದಾರೆ ಬೇಗ ಬನ್ನಿ ಎಂದೆ. ವಯಸ್ಸೆಷ್ಟು ಎಂದರು. ಒಂಬತ್ತು ವರ್ಷ ಎಂದೆ. ಅದೇ ಹೊತ್ತಿಗೆ ಹಿಂದಿನ ಮನೆಯ ಕುಕ್ಕರ್ ಕೂಗಿತು. ಅವರಿಗೆ ತೊಂಬತ್ತು ಎಂದು ಕೇಳಿಸಿರುತ್ತದೆ. ಅದು ಅವರ ತಪ್ಪಲ್ಲ, ನನ್ನ ತಪ್ಪೂ ಅಲ್ಲ. ತಾವಾಗಿಯೇ ನಡೆಯುತ್ತಾರೆಯೇ ಎಂದರು. ಇಲ್ಲ, ಇಬ್ಬರು ಎತ್ತಬೇಕು ಎಂದೆ. ಮೈಮೇಲೆ ಏನಿತ್ತು ಎಂದರು. ಕರಿ ಕಂಬಳಿ ಸುತ್ತಿದ್ದೆ, ಬಾಯಿಗೆ ಬಟ್ಟೆ ಕಟ್ಟಿದ್ದೆ ಎಂದೆ. ಬಾಯಿಗೆ ಬಟ್ಟೆ ಯಾಕೆ ಕಟ್ಟಿದಿರಿ ಎಂದರು. ಒಳಕ್ಕೆ ಗಾಳಿ ಹೋಗಬಾರದು ಅಂತ ಎಂದೆ. ಇವುಗಳಲ್ಲಿ ಯಾವುದು ಸುಳ್ಳು ಎಂದು ತೋರಿಸಿದರೆ ನಾನು ತಲೆಬಾಗುತ್ತೇನೆ.

6 ನಿಮಿಷಕ್ಕೆ ಪೊಲೀಸ್ ವಾಹನ ಬಂದಿತು. ಎ.ಎಸ್.ಐ. ಮಹದೇವಸ್ವಾಮಿ ಮತ್ತು ಚಾಲಕ ಧರಣಿ ಇಳಿದರು. ಎ.ಎಸ್.ಐ.ಯವರು ಮೊದಲು ನೋಡಿದ್ದು ನನ್ನ ಮುಖವನ್ನಲ್ಲ, ನೀಲಿ ಹತ್ತಿದ ನನ್ನ ಕೈಗಳನ್ನು. ಆಮೇಲೆ ಅಡುಗೆಮನೆಗೆ ಹೋದರು. ಅಲ್ಲಿ ಬಕೆಟ್ಟಿನಲ್ಲಿ ಕಡುಗೆಂಪು ನೀರಿನಲ್ಲಿ ಸೀರೆ ನೆನೆಯುತ್ತಿತ್ತು. ಅದು ಮಂಜಿಷ್ಠ ಬೇರಿನ ಬಣ್ಣ ಎಂದೆ. ಅವರು ಹೂಂ ಎಂದರು, ನಂಬಿದ ಹೂಂ ಅಲ್ಲ. ಪಕ್ಕದ ಮಡಕೆಯಲ್ಲಿ ತುಕ್ಕು ಹಿಡಿದ ಮೊಳೆ ಬೆಲ್ಲದ ನೀರಿನಲ್ಲಿ ಕೊಳೆಯುತ್ತಿತ್ತು, ಮೇಲೆ ತಿನ್ನಬೇಡಿ ಎಂಬ ಚೀಟಿ ಇತ್ತು. ಅದು ಕಪ್ಪು ಬಣ್ಣಕ್ಕೆ ಎಂದೆ. ಅದಕ್ಕೂ ಹೂಂ ಎಂದರು. ಧರಣಿಯವರು ಹಿತ್ತಲ ಬಾಗಿಲ ಹತ್ತಿರ ಹೋಗಿ ನಿಂತರು.

ಅಷ್ಟರಲ್ಲಿ ಅವ್ವ ಮೆಟ್ಟಿಲಿಳಿದು ಬಂದರು. ಯಾರು ನೀವು ಎಂದು ಎ.ಎಸ್.ಐ. ಕೇಳಿದರು. ಇವಳ ತಾಯಿ ಕಣಪ್ಪ ಎಂದರು ಅವ್ವ. ಹಾಗಾದರೆ ಕಾಣೆಯಾದವರು ಯಾರು ಎಂದರು. ಅವಳ ಇನ್ನೊಂದು ತಾಯಿ ಎಂದರು ಅವ್ವ. ನಿಮ್ಮ ತಂದೆಗೆ ಇಬ್ಬರು ಹೆಂಡಿರೇ ಎಂದು ಎ.ಎಸ್.ಐ. ನನ್ನನ್ನು ಸಣ್ಣ ದನಿಯಲ್ಲಿ ಕೇಳಿದರು. ಅವ್ವನಿಗೆ ಕೇಳಿಸಿತು. ಒಬ್ಬಳನ್ನೇ ನೆಟ್ಟಗೆ ಸಿನಿಮಾಕ್ಕೆ ಕರ್ಕೊಂಡ್ ಹೋಗ್ನಿಲ್ಲ ಕಣಪ್ಪ ಅವ್ರು ಎಂದರು.

ನಾನು ಎಲ್ಲವನ್ನೂ ಬಿಡಿಸಿ ಹೇಳಿದೆ. ಎ.ಎಸ್.ಐ.ಯವರು ಟೋಪಿ ತೆಗೆದು ಬಾಗಿಲ ಮೇಜಿನ ಮೇಲಿಟ್ಟರು. ಏನಮ್ಮ ಇದು, ತೊಂಬತ್ತು ವರ್ಷದ ಮುದುಕಿ, ಬಾಯಿಗೆ ಬಟ್ಟೆ ಕಟ್ಟಿ ಎತ್ತೊಯ್ದಿದ್ದಾರೆ ಅಂತ ವೈರ್‌ಲೆಸ್‌ನಲ್ಲಿ ಊರಿಗೆಲ್ಲ ಹೇಳಿ ಆಗಿದೆ, ಈಗ ಹಂಡೆ ನೀರು ಅಂತ ನಾನು ಹೇಗೆ ಹೇಳಲಿ ಎಂದರು. ನೀರಲ್ಲ ಸಾರ್, ಜೀವ ಇದೆ ಅದಕ್ಕೆ ಎಂದೆ. ಅಳುತ್ತಿದ್ದೆ ಎಂದು ಅನುಪಮಾ ಮೇಡಂ ಬರೆದುಕೊಳ್ಳಬಹುದು. ಎ.ಎಸ್.ಐ.ಯವರು ಸ್ವಲ್ಪ ಯೋಚಿಸಿ, ಇರಲಿ, ತಾಯಿ ಅಂತ ಹುಡುಕೋಕೆ ಬಂದಿದೀವಿ, ತಾಯಿ ಸಿಗದೆ ಕ್ಲೋಸ್ ಮಾಡೋದು ಬೇಡ, ನಡೀರಿ ಎಂದರು. ಸಮಯ 10-52. ಅವ್ವ ನನ್ನ ತೋಳು ಹಿಡಿದು, ಒಂದ್ ಮಾತು ಕೇಳವ್ವ ಎಂದರು. ಬುಡವ್ವ ಎಂದು ಕೈ ಕೊಸರಿಕೊಂಡೆ.

11-05ಕ್ಕೆ ಬಿಂದುಮಾಧವರ ಮನೆಯ ಕರೆಗಂಟೆ ಒತ್ತಿದೆವು. ಅವರು ಪಂಚೆಯಲ್ಲಿ ಬಂದರು. ಇವರ ತಾಯಿಯನ್ನು ನೀವು ತೆಗೆದುಕೊಂಡು ಬಂದಿದ್ದೀರಂತೆ ಎಂದು ಎ.ಎಸ್.ಐ. ಕೇಳಿದರು. ಅವರು ಕನ್ನಡಕ ಒರೆಸಿ ಹಾಕಿಕೊಂಡು, ನನ್ನ ಹಿಂದೆ ನಿಂತಿದ್ದ ಅವ್ವನನ್ನು ನೋಡಿ, ನಮಸ್ಕಾರ ಬಸವಮ್ಮನವರೇ ಎಂದರು. ಅಷ್ಟರಲ್ಲಿ ನಾಗಮಣಿಯವರು ಒಳಗಿನಿಂದ, ಹಂಡೆ ವಿಷಯಾನಾ ಎನ್ನುತ್ತಾ ಕೈ ಒರೆಸಿಕೊಂಡು ಬಂದರು.

ಅವರು ಹೇಳಿದ್ದು ಇಷ್ಟು. ಮಗಳು ಲಹರಿಗೆ ಮೇ ತಿಂಗಳಲ್ಲಿ ಮದುವೆಯಾಗಿದೆ. ಅಳಿಯ ಅಭಿಲಾಷ್ ಅವರಿಗೆ ಇದು ಮೊದಲ ದೀಪಾವಳಿ. ನಾಳೆ ಬೆಳಿಗ್ಗೆ ಅವರಿಗೆ ಎಣ್ಣೆ ಹಚ್ಚಿ, ಮನೆತನದ ಹಂಡೆಯ ನೀರಿನಲ್ಲೇ ಮೀಯಿಸಬೇಕು. ಅದಕ್ಕೆ 14ನೇ ತಾರೀಖು ನನಗೆ ವಾಟ್ಸಾಪಿನಲ್ಲಿ ದನಿ ಸಂದೇಶ ಕಳಿಸಿದ್ದಾರೆ, ಭಾನುವಾರ ಹಂಡೆ ತರಿಸಿಕೊಳ್ಳುತ್ತೇನೆ ಎಂದು. ನಾನು ಹೆಬ್ಬೆಟ್ಟಿನ ಗುರುತು ಒತ್ತಿ ಒಪ್ಪಿದ್ದೇನೆ. ಇಂದು ಗೂಡ್ಸ್ ಆಟೋದ ಪ್ರಸನ್ನ ಎಂಬವರು ಇನ್ನೊಬ್ಬರ ಜೊತೆ ಬಂದು ಹಂಡೆ ಎತ್ತಿ, ಬೆಳಗಿಸಿ ಹೊಳಪು ಹಾಕಿಸಲು ಮೇಟಗಳ್ಳಿಗೆ ಒಯ್ದಿದ್ದಾರೆ. ಹಬ್ಬದ ನೀರು ಆಗಲೇ ತುಂಬಿಟ್ಟಿದ್ದಾರೆ ಎಂದುಕೊಂಡರಂತೆ ಭಾರ ನೋಡಿ. ಹನಿಗಳು ಇವರ ಗೇಟಿನಲ್ಲಿ ನಿಂತದ್ದು ಆಟೋ ಇಲ್ಲಿ ನಿಂತಿದ್ದರಿಂದ.

ನಾನು ಫೋನು ತೆಗೆದು ನೋಡಿದೆ. ಸಂದೇಶ ಇತ್ತು. 2 ನಿಮಿಷ 50 ಸೆಕೆಂಡಿನದು. ಮೊದಲ ಎರಡು ನಿಮಿಷ ಕೋಡುಬಳೆ ಹಿಟ್ಟಿನ ವಿಚಾರ. ಹಂಡೆಯ ಮಾತು ಕೊನೆಯಲ್ಲಿತ್ತು. ಅಷ್ಟು ದೂರ ನಾನು ಕೇಳಿಯೇ ಇರಲಿಲ್ಲ, ಒಂದು ಕೈಯಲ್ಲಿ ಬಟ್ಟೆ ಹಿಂಡುತ್ತಾ ಇನ್ನೊಂದರಲ್ಲಿ ಗುರುತು ಒತ್ತಿದ್ದೆ. ನೀವು ಇಟ್ಕೊಳ್ಳಿ ಅಂದಿದ್ದಿರಲ್ಲ ಎಂದು ನಾಗಮಣಿಯವರನ್ನು ಕೇಳಿದೆ. ಇಟ್ಕೊಳ್ಳಿ ಅಂದಿದ್ದು ನಿಜ ಕಣ್ರೀ, ಇಟ್ಕೊಂಡೇ ಬಿಡಿ ಅಂದಿರಲಿಲ್ಲ ಎಂದರು. ಅದರೊಳಗೆ ಅಪ್ಪನ ಕಾಲದ ಬಣ್ಣ ಇದೆ, ಅದನ್ನು ಚೆಲ್ಲಿಬಿಟ್ಟರೆ ಮುಗಿಯಿತು ಎಂದೆ. ನಾಗಮಣಿಯವರ ಮುಖ ಬಾಡಿತು. ಅಯ್ಯೋ ರಾಮ, ಒಂದು ಮಾತು ಹೇಳೋದಲ್ವಾ ಎಂದು, ಒಲೆ ಆರಿಸಿ ಚಪ್ಪಲಿ ಮೆಟ್ಟಿಕೊಂಡು ತಾವೇ ಪೊಲೀಸ್ ವಾಹನ ಹತ್ತಿದರು. ಪ್ರಸನ್ನರಿಗೆ ನಾಲ್ಕು ಸಲ ಫೋನ್ ಮಾಡಿದರು, ಎತ್ತಲಿಲ್ಲ.

11-20ಕ್ಕೆ ಹೊರಟೆವು. ಮುಂದೆ ಎ.ಎಸ್.ಐ., ಹಿಂದೆ ನಾನು, ನಾಗಮಣಿಯವರು, ನಡುವೆ ಅವ್ವ. ಅವ್ವನ ಮಡಿಲಲ್ಲಿ ನಾನು ತಂದಿದ್ದ ತೌಡಿನ ಪೊಟ್ಟಣ. ದಾರಿ 10 ಕಿ.ಮೀ. ಸಂತೆ ಗದ್ದಲ, ಪಟಾಕಿ ಅಂಗಡಿಗಳ ಎದುರು ನೂಕುನುಗ್ಗಲು. ಧರಣಿಯವರು ಸೈರನ್ ಹಾಕಲೇ ಎಂದು ಕೇಳಿದರು. ಎ.ಎಸ್.ಐ.ಯವರು ಬೇಡ ಎಂದರು. ಮುಂದಿನ ಸಿಗ್ನಲ್ಲಿನಲ್ಲಿ ಅವರೇ ಕೈ ಚಾಚಿ ಹಾಕಿದರು. ಜನ ದಾರಿ ಬಿಟ್ಟರು. ನಾಗಮಣಿಯವರು ಸೀಟಿನ ಕಂಬಿ ಹಿಡಿದು, ಇನ್ನೂ ಜೋರಾಗಿ ಹೋಗಪ್ಪ ಎಂದರು. 11-30ಕ್ಕೆ ಅವ್ವ ಮೂರನೇ ಸಲ, ಒಂದ್ ಮಾತು ಕೇಳವ್ವ ಎಂದರು. ಸೈರನ್ನಿನಲ್ಲಿ ಕೇಳಿಸಲಿಲ್ಲ ಎಂದು ಬರೆಸಬಹುದಿತ್ತು. ಕೇಳಿಸಿತ್ತು. ನಾನು ಕಿಟಕಿಯ ಕಡೆ ತಿರುಗಿಕೊಂಡೆ.

11-52ಕ್ಕೆ ಮೇಟಗಳ್ಳಿಯ ಶೆಡ್ಡಿಗೆ ತಲುಪಿದೆವು. ಶೆಡ್ಡಿನವರು ಮೃತ್ಯುಂಜಯ, ವಯಸ್ಸು ಸುಮಾರು 58, ಪಾತ್ರೆಗಳಿಗೆ ಹೊಳಪು ಕೊಡುವವರು. ಹಂಡೆ ಬಾಗಿಲಿನಲ್ಲೇ ಬಿಸಿಲಿಗೆ ಮೊಗಚಿ ಇಟ್ಟಿತ್ತು. ಹೊಸ ಕಾಸಿನ ಹಾಗೆ ಹೊಳೆಯುತ್ತಿತ್ತು. ಎತ್ತಿ ನೋಡಿದೆ. ಒಳಗೂ ಹೊಳೆಯುತ್ತಿತ್ತು, ನನ್ನ ಮುಖ ಕಾಣಿಸಿತು.

ಒಳಗಿದ್ದದ್ದು ಎಲ್ಲಿ ಎಂದು ಎ.ಎಸ್.ಐ.ಯವರೇ ಕೇಳಿದರು. ಮೃತ್ಯುಂಜಯ ಅವರು ಪೊಲೀಸರನ್ನು ಕಂಡು ಎರಡೂ ಕೈ ಮೇಲೆತ್ತಿದರು. ಮೊಣಕೈವರೆಗೆ ಕಡು ನೀಲಿ. ಮುಚ್ಚಳ ತೆಗೆದು ಕೈ ಹಾಕಿದೆ ಸಾರ್, ಹಸ್ರಾಗಿ ಬಂತು, ನೋಡ್ತಾ ನೋಡ್ತಾ ನೀಲಿಯಾಗ್‌ಬುಡ್ತು, ಹುಣಸೇಹಣ್ಣಿಗೂ ಹೋಗ್ನಿಲ್ಲ ಸೀಮೆಎಣ್ಣೆಗೂ ಹೋಗ್ನಿಲ್ಲ, ವಿಷವಾ ಸಾರ್ ಎಂದರು. ಗೊತ್ತಿಲ್ಲದ ನೀರನ್ನ ಚರಂಡಿಗೆ ಬುಡಬಾರ್ದು ಅಂತ ಹಿಂದ್ಗಡೆ ಹೊಂಗೆ ಮರದ ಬುಡಕ್ಕೆ ಬುಟ್ಟೆ ಎಂದರು. ಎಷ್ಟು ಹೊತ್ತಿಗೆ ಎಂದು ಕೇಳಿದೆ. ಹನ್ನೊಂದಕ್ಕೆ ಐದು ನಿಮಿಷ ಇತ್ತು ಎಂದರು. ನಾವು ತಲುಪಿದ್ದು ಅದಾದ 57 ನಿಮಿಷಕ್ಕೆ.

ಹೊಂಗೆ ಮರ ಶೆಡ್ಡಿನ ಹಿಂದೆ 30 ಅಡಿ ದೂರದಲ್ಲಿದೆ. ಬುಡದಲ್ಲಿ ಜಮಖಾನೆಯಗಲ ಮಣ್ಣು ನೀಲಿಯಾಗಿತ್ತು. ಮುಟ್ಟಿದೆ, ತಣ್ಣಗಿತ್ತು. ಅಲ್ಲೇ ಕುಳಿತೆ. ಮೃತ್ಯುಂಜಯ ಅವರ ಮೇಲೆ ನನ್ನ ದೂರು ಏನೂ ಇಲ್ಲ, ಚರಂಡಿಗೆ ಬಿಡದ ಒಬ್ಬ ಮನುಷ್ಯ ಸಿಕ್ಕಿದ್ದೇ ದೊಡ್ಡದು ಎಂದು ಈಗ ಅನಿಸುತ್ತದೆ. ಆಗ ಏನೂ ಅನಿಸಲಿಲ್ಲ. ಅಪ್ಪ ಈ ಮೇಟಗಳ್ಳಿಗೆ 31 ವರ್ಷ ಸೈಕಲ್ ತುಳಿದುಕೊಂಡು ಬಂದದ್ದು ಮಾತ್ರ ನೆನಪಾಯಿತು. ನಾಗಮಣಿಯವರು ದೂರದಲ್ಲಿ ನಿಂತು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು.

12-05ಕ್ಕೆ ಅವ್ವ ಬಂದು ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕುಳಿತರು. ಈ ಸಲ ಒಂದ್ ಮಾತು ಕೇಳವ್ವ ಎನ್ನಲಿಲ್ಲ. ಹೆಪ್ಪೈತೆ, ಏಳು ಎಂದರು.

ನನಗೆ ಅರ್ಥವಾಗಲಿಲ್ಲ. ಯಾವುದಕ್ಕೆ ಹೆಪ್ಪು ಎಂದೆ. ಇನ್ಯಾವುದ್ಕೆ, ಇದುಕ್ಕೇ ಎಂದು ನೀಲಿ ಮಣ್ಣು ತೋರಿಸಿದರು. 2019ರಲ್ಲಿ ಅಪ್ಪನಿಗೆ ಮೊದಲ ಸಲ ಎದೆನೋವು ಬಂದಾಗ, ಅವಳು ಆತುರಗಾತಿ, ಯಾವತ್ತಾದರೂ ಒಂದು ದಿನ ಕೆಡಿಸಿಕೊಳ್ಳುತ್ತಾಳೆ, ಒಂದು ಜಾಡಿ ಎತ್ತಿಟ್ಟಿರು ಎಂದು ಅವ್ವನಿಗೆ ಹೇಳಿದ್ದರಂತೆ. ಅಂದಿನಿಂದ ಅವ್ವ ಮೂರು ಲೀಟರಿನ ಉಪ್ಪಿನಕಾಯಿ ಜಾಡಿಯಲ್ಲಿ ತಾಯಿಯ ನೀರು ಇಟ್ಟಿದ್ದಾರೆ. ಪ್ರತಿ ಅಮಾವಾಸ್ಯೆಗೆ ಒಂದು ಚೊಂಬು ಹಂಡೆಗೆ ಸುರಿದು, ಒಂದು ಚೊಂಬು ಹಂಡೆಯಿಂದ ಜಾಡಿಗೆ ತುಂಬುತ್ತಾರೆ. ಚಪಾತಿ ಹಿಟ್ಟು ಜರಡಿ ಹಿಡಿದಾಗ ಒಂದು ಚಮಚ ತೌಡು ಹಾಕುತ್ತಾರೆ. ಇದನ್ನೆಲ್ಲ ನನಗೆ ಯಾಕೆ ಹೇಳಲಿಲ್ಲ ಎಂದೆ. ಮೊಸರು ಮಾಡೋ ಮನೇಲಿ ಹೆಪ್ಪು ಇರ್ತದೆ ಅಂತ ಯಾರಾದ್ರೂ ಡಂಗೂರ ಸಾರ್ತಾರಾ ಎಂದರು. ಎಲ್ಲಿಟ್ಟಿದ್ದೀಯ ಎಂದೆ. ನನ್ನ ಮಂಚದ ಕೆಳಗೆ, ಕಂಬಳಿ ಸುತ್ತಿ, ಕಿಟಕಿ ಪಕ್ಕ ಎಂದರು.

ಆಗ ನನಗೆ ಬಿಂದುಮಾಧವರ ಟೇಪು, ಏಳು ಅಡಿ, ಎಲ್ಲ ಒಟ್ಟಿಗೆ ನೆನಪಾಗಿ, ಅಳುತ್ತಿದ್ದವಳಿಗೆ ನಗು ಬಂದಿತು. ಎ.ಎಸ್.ಐ.ಯವರು ಇವಳಿಗೇನೋ ಆಯಿತು ಎಂದು ನೀರಿನ ಬಾಟಲಿ ಹಿಡಿದು ಓಡಿ ಬಂದರು. ತಾಯಿ ಮನೇಲಿದಾಳೆ ಸಾರ್ ಎಂದೆ. ಯಾವ ತಾಯಿ ಎಂದರು.

ಹಂಡೆಯನ್ನು ಹಿಂದೆ ಹಾಕಿಕೊಂಡು 12-18ಕ್ಕೆ ಹೊರಟು 12-46ಕ್ಕೆ ಮನೆ ಸೇರಿದೆವು. ಈ ಸಲ ಸೈರನ್ ಹಾಕಲು ಯಾರೂ ಯಾರನ್ನೂ ಕೇಳಲಿಲ್ಲ. ಮಂಚದ ಕೆಳಗೆ ನಾನೇ ತೆವಳಿದೆ. ಜಾಡಿ ಇತ್ತು. ಅಪ್ಪನ ಹಳೇ ಕಾರ್ಖಾನೆ ಸ್ವೆಟರ್ ತೊಡಿಸಿ, ಅದರ ಮೇಲೆ ಕಂಬಳಿ ಸುತ್ತಿತ್ತು. ಮುಚ್ಚಳ ತೆಗೆದಾಗ ಬಂದ ವಾಸನೆಗೆ ಧರಣಿಯವರು ಹೊರಗೆ ಹೋದರು. ನನಗೆ ಅಷ್ಟು ಒಳ್ಳೆಯ ವಾಸನೆ ಈ ಜನ್ಮದಲ್ಲಿ ಬಂದಿಲ್ಲ.

ಆದರೆ ವಾಸನೆ ಇದ್ದ ಮಾತ್ರಕ್ಕೆ ಜೀವ ಇದೆ ಎನ್ನಲಾಗದು. ಅದ್ದಿ ನೋಡಬೇಕು. ಬಿಳಿ ಬಟ್ಟೆ ಬೇಕು ಎಂದು ಸುತ್ತ ನೋಡಿದೆ. ನಮ್ಮ ಮನೆಯಲ್ಲಿ ಬಿಳಿ ಎಂಬುದು ಉಳಿದಿರಲಿಲ್ಲ. ಎ.ಎಸ್.ಐ.ಯವರು ಜೇಬಿನಿಂದ ಮಡಿಸಿದ ಕರವಸ್ತ್ರ ತೆಗೆದು ಕೊಟ್ಟರು. ಸಾರ್ ಇದು ಹೋದರೆ ಹೋಯಿತು ಎಂದೆ. ಇಷ್ಟು ಹೊತ್ತು ಹೋಗಿದೆ, ಇದೇನು ಮಹಾ ಎಂದರು. 1-02ಕ್ಕೆ ಕರವಸ್ತ್ರವನ್ನು ಜಾಡಿಗೆ ಇಳಿಸಿದೆ. ಗಡಿಯಾರ ನೋಡಿ ಮೂರು ನಿಮಿಷ ಬಿಟ್ಟೆ. ಬಿಂದುಮಾಧವರೂ ಬಂದು ಬಾಗಿಲಿನಲ್ಲಿ ನಿಂತಿದ್ದರು, ಮೂಗು ಮುಚ್ಚಿಕೊಂಡಿರಲಿಲ್ಲ.

ಮೇಲಕ್ಕೆತ್ತಿದೆ. ಹಸಿರಾಗಿತ್ತು, ಎಳೆ ಬಾಳೆಸುಳಿಯ ಹಸಿರು. ಎ.ಎಸ್.ಐ.ಯವರು ಒಂದು, ಎರಡು ಎಂದು ಎಣಿಸತೊಡಗಿದರು, ಯಾರೂ ಎಣಿಸಿ ಎಂದಿರಲಿಲ್ಲ. ಆರಕ್ಕೆ ಅಂಚು ನೀಲಿಯಾಯಿತು. ಹನ್ನೊಂದಕ್ಕೆ ನಡುವೆ ಹಬ್ಬಿತು. ಹದಿನೆಂಟಕ್ಕೆ ಹಸಿರು ಎಲ್ಲೂ ಇರಲಿಲ್ಲ. ನಾಗಮಣಿಯವರು ಚಪ್ಪಾಳೆ ತಟ್ಟಿದರು. ನಾನು ಅವ್ವನನ್ನು ತಬ್ಬಿಕೊಂಡೆ, ನನ್ನ ಕೈಯ ನೀಲಿ ಅವರ ಬೆನ್ನಿಗೆಲ್ಲ ಹತ್ತಿತು. ಕೈ ಒರ್ಸ್ಕೊಳ್ಳೋಕೆ ನಾನೇ ಬೇಕಾಗಿತ್ತಾ ಎಂದರು.

1-40ರ ಒಳಗೆ ಹೊಟ್ಟಿನ ಒಲೆಗೆ ಮತ್ತೆ ಬೆಂಕಿ ಹಾಕಿ, ಅವ್ವನ ಅಕ್ಕಿ ಗುಡಾಣವನ್ನು ಬರಿದು ಮಾಡಿ ತೊಳೆದು, ಜಾಡಿಯ ತಾಯಿಯನ್ನು ಅದಕ್ಕೆ ಸುರಿದು, ಬಿಸಿನೀರು, ಬೆಲ್ಲ, ಸುಣ್ಣ, ತೌಡು ಕೊಟ್ಟಿರುತ್ತೇನೆ. ಹಬ್ಬದ ದಿನ ನಮ್ಮ ಮನೆಯಲ್ಲೂ ಒಂದು ಪಾತ್ರೆ ತೊಳೆದು ತುಂಬಿದಂತಾಯಿತು. ಹಂಡೆಯಲ್ಲಿದ್ದಂತೆ 45 ಲೀಟರು ಆಗಲು ಎರಡು ತಿಂಗಳು ಬೇಕು. ಹಂಡೆಯನ್ನು ನಾಗಮಣಿಯವರಿಗೆ ಒಪ್ಪಿಸಿದ್ದೇನೆ. ಹಬ್ಬ ಮುಗೀಲಿ, ತಗೊಂಡ್ ಹೋಗಿ, ಈ ಸಲ ಇಟ್ಕೊಂಡೇ ಬಿಡಿ ಎಂದಿದ್ದಾರೆ. ಎಷ್ಟೇ ತಿಕ್ಕಿದರೂ ತಾಮ್ರದ ಕಂಠದ ಸಂದಿಯಲ್ಲಿ ನೀಲಿ ಉಳಿದಿರುತ್ತದೆ. ನಾಳೆ ಅಳಿಯಂದಿರು ನೀಲಿಯಾದರೆ ನಾನು ಮುಂಚೆಯೇ ತಿಳಿಸಿದ್ದೇನೆ ಎಂಬುದು ದಾಖಲಾಗಲಿ.

ಬಿಂದುಮಾಧವರ ಮೇಲೆ ಬೆಳಿಗ್ಗೆ ಬಾಯಿಮಾತಿನಲ್ಲಿ ಮಾಡಿದ ಆಪಾದನೆಯನ್ನು ವಾಪಸು ಪಡೆದಿದ್ದೇನೆ. ಆಗಸ್ಟ್ 4ರ ಅಳತೆ ಸರಿಯಿತ್ತು ಎಂದು ಅವರ ಮನೆಗೆ ಹೋಗಿ ಹೇಳಿದ್ದೇನೆ. ಏಳು ಅಡಿ ಎರಡು ಅಂಗುಲ ಎಂದು ಅವರು ತಿದ್ದಿದರು. ಕರವಸ್ತ್ರವನ್ನು ಎ.ಎಸ್.ಐ.ಯವರು ಒಣಗಿಸಿ ಕೊಡಿ ಎಂದು ಕೇಳಿದ್ದಾರೆ, ಹೆಂಡತಿಗೆ ತೋರಿಸಬೇಕಂತೆ.

ಬೆಳಗಿನ ಕರೆಯನ್ನು ಮುಚ್ಚಬೇಕಾದರೆ ಕಾಣೆಯಾದವರು ಎಲ್ಲಿ ಪತ್ತೆಯಾದರು ಎಂಬ ಜಾಗ ಭರ್ತಿಯಾಗಬೇಕು ಎಂದು ಅನುಪಮಾ ಮೇಡಂ ಹೇಳಿದರು. ಸ್ವಂತ ಮನೆಯಲ್ಲಿ, ಮಂಚದ ಕೆಳಗೆ ಎಂದು ಬರೆಯಿರಿ ಎಂದೆ. ಸ್ಥಿತಿ ಎಂದರು. ಜೀವಂತ ಎಂದೆ. ಬರೆದರು.

ನನ್ನ ಜೊತೆ ಬಂದು ಬೆಂಚಿನ ಮೇಲೆ ಕುಳಿತಿದ್ದ ಅವ್ವನನ್ನು, ಅಮ್ಮ ನೀವೇನಾದರೂ ಹೇಳುವುದಿದೆಯೇ ಎಂದು ಮೇಡಂ ಕೇಳಿದರು. ಇವತ್ತು ಅವ್ವನನ್ನು ಹಾಗೆ ಕೇಳಿದವರು ಅವರೇ ಮೊದಲಿಗರು. ಅವ್ವ ಎದ್ದು ನಿಂತು, ನನ್ನ ಮಗಳು ಕೂಗಾಡಿದ್ದು ನಿಜ, ಸುಳ್ಳು ಹೇಳ್ಲಿಲ್ಲ, ಗುಡಾಣದಲ್ಲಿರೋದು ಉಂಡೈತೆ, ಇವಳೇ ಬೆಳಗ್ಗಿಂದ ಏನೂ ಉಂಡಿಲ್ಲ, ಬೇಗ ಬುಟ್ಬುಡಿ ಎಂದರು.

ಇಷ್ಟನ್ನೂ ನನಗೆ ಓದಿ ಹೇಳಿದ್ದಾರೆ. ಒಂದು ಕಡೆ ತೊಂಬತ್ತು ಎಂದಿದ್ದನ್ನು ಒಂಬತ್ತು ಎಂದು ನನ್ನೆದುರೇ ತಿದ್ದಿಸಿದ್ದೇನೆ. ಉಳಿದದ್ದೆಲ್ಲ ನಾನು ಹೇಳಿದಂತೆ ಇದೆ, ನಡೆದದ್ದೂ ಹಾಗೆಯೇ. ಅವ್ವನ ಬೆರಳು ನೋಡಿ, ಹೆಬ್ಬೆಟ್ಟು ಒತ್ತುವವರೆಂದು ಶಾಯಿ ಡಬ್ಬಿ ಮುಂದಿಟ್ಟರು. ಅವ್ವ ಅದನ್ನು ಪಕ್ಕಕ್ಕೆ ಸರಿಸಿ ಪೆನ್ನು ಕೇಳಿ ಪಡೆದಿರುತ್ತಾರೆ.

ಸ್ಥಳ: ಮೈಸೂರು
ದಿನಾಂಕ: 19-10-2025, ಸಂಜೆ 5-25 ಗಂಟೆ

ಹೇಳಿಕೆ ನೀಡಿದವರು: (ಸಹಿ) ಸಂಘಮಿತ್ರ
ಸಾಕ್ಷಿ: (ಸಹಿ) ಬಸವಮ್ಮ, ಸಂಬಂಧ: ತಾಯಿ